ಬಾಲದ ಗರಿಯ ಗೆರೆಗೆ ನೀವು ಕಾರಣರಲ್ಲ

ಪ್ರಶ್ನೆ: ಡಾಕ್ಟ್ರೇ, ನನ್ನ ಊರು ಕುಂದಾಪುರದ ಹತ್ತಿರ. ಅಲ್ ಐನ್‌ನಲ್ಲಿ ಒಂದು ಅರಬ್ ಕುಟುಂಬದ ತೋಟದ ಮನೆಯಲ್ಲಿ ಕೆಲಸಕ್ಕಿದ್ದೇನೆ. ಮೊದಲು ತೋಟ ನೋಡಿಕೊಳ್ಳುತ್ತಿದ್ದೆ, ಆಮೇಲೆ ಫಾಲ್ಕನ್‌ಗಳ ಜವಾಬ್ದಾರಿ ಕೊಟ್ಟರು. ಆಗಸ್ಟ್ ಮೊದಲ ವಾರದಲ್ಲಿ ಫಾರಂನಲ್ಲಿ ಹುಟ್ಟಿದ ಒಂದು ಜೀರ್-ಶಾಹೀನ್ ಬೆರಕೆ ತಳಿಯ ಮರಿ ಬಂತು, ಹೆಣ್ಣು. ಏಪ್ರಿಲ್ ಕೊನೆಯಲ್ಲಿ ಹುಟ್ಟಿದ್ದು ಅಂತ ಅದರ ಪಾಸ್‌ಪೋರ್ಟ್‌ನಲ್ಲಿದೆ. ಸೆಪ್ಟೆಂಬರಿನಲ್ಲಿ ತರಬೇತಿ ಶುರುವಾಯಿತು. ಸೂಪರ್‌ವೈಸರ್ ಹೇಳಿದ ಹಾಗೆ ಆಹಾರ ಕಡಿಮೆ ಮಾಡಿ ತೂಕ ಇಳಿಸಿದೆ. ಕಳೆದ ವಾರ ಬಾಲದ ಎರಡು ಗರಿ ಮುರಿದವು. ನೋಡಿದರೆ ಬಾಲದ ಎಲ್ಲ ಗರಿಗಳ ಮೇಲೂ ತುದಿಯಿಂದ ಮೂರು ಬೆರಳು ಕೆಳಗೆ ಒಂದು ಅಡ್ಡಗೆರೆ ಇದೆ, ಮುರಿದದ್ದೂ ಅಲ್ಲೇ. ಈಗ ಅದೇ ಸೂಪರ್‌ವೈಸರ್, ನಾನು ಹಕ್ಕಿಯನ್ನು ಉಪವಾಸ ಕೆಡವಿದ್ದರಿಂದ ಹೀಗಾಯಿತು ಅಂತ ನಮ್ಮ ಅರ್ಬಾಬ್ (ಧಣಿ) ಹತ್ತಿರ ಹೇಳಿದ್ದಾರೆ. ಹಕ್ಕಿಯ ಬೆಲೆ ನನ್ನ ಎಷ್ಟೋ ವರ್ಷದ ಸಂಬಳ. ರಾತ್ರಿ ನಿದ್ದೆ ಬರುತ್ತಿಲ್ಲ. ತಪ್ಪು ನನ್ನದೇ? ಗರಿ ಸರಿಯಾಗುತ್ತದೆಯೇ?
– ಹೆಸರು ಬೇಡ, ಅಲ್ ಐನ್

ಉತ್ತರ: ನಿಮ್ಮ ಪತ್ರ ಓದಿದೆ, ಜೊತೆಗಿಟ್ಟ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಆ ಗೆರೆ ನಿಮ್ಮಿಂದ ಆದದ್ದಲ್ಲ. ಸೆಪ್ಟೆಂಬರಿನಲ್ಲಿ ನೀವು ಆಹಾರ ಕಡಿಮೆ ಮಾಡಿದ್ದಕ್ಕೂ ಆ ಗೆರೆಗೂ ಸಂಬಂಧ ಇರಲು ಸಾಧ್ಯವೇ ಇಲ್ಲ. ಗರಿ ಮುರಿದ ವಿಚಾರ ಬೇರೆ. ಅದರಲ್ಲಿ ನೀವು ಸರಿಪಡಿಸಿಕೊಳ್ಳಬೇಕಾದದ್ದು ಒಂದೆರಡು ಇರಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ಗರಿ ಬೆಳೆಯುವುದು ಬುಡದಿಂದ. ಚರ್ಮದೊಳಗಿನ ಒಂದು ಸಣ್ಣ ಗುಳಿಯಲ್ಲಿ ತಯಾರಾಗುತ್ತಾ ಮೇಲಕ್ಕೆ ಬರುತ್ತದೆ. ತುದಿ ಮೊದಲು ಹುಟ್ಟಿದ ಭಾಗ, ಬುಡ ಕೊನೆಯದು. ಬೆಳೆಯುವಷ್ಟು ದಿನ ಅದರ ಕಾಂಡದೊಳಗೆ ರಕ್ತ ಓಡಾಡುತ್ತಿರುತ್ತದೆ. ಬುಡ ಕಪ್ಪು-ನೀಲಿಯಾಗಿ, ಮೇಣದಂಥ ತೆಳು ಕವಚದೊಳಗೆ ಇರುವುದನ್ನು ನೀವೇ ನೋಡಿರುತ್ತೀರಿ. ಪೂರ್ತಿ ಉದ್ದ ಬಂದ ಮೇಲೆ ರಕ್ತ ಹಿಂದಕ್ಕೆ ಸರಿಯುತ್ತದೆ, ಕಾಂಡದ ಬುಡ ಒಣಗಿ ಬೆಳ್ಳಗೆ ಪಾರದರ್ಶಕವಾಗುತ್ತದೆ. ಅಲ್ಲಿಂದ ಮುಂದೆ ಗರಿಯಲ್ಲಿ ಜೀವ ಇಲ್ಲ. ಹಕ್ಕಿಗೆ ಎಷ್ಟು ತಿನ್ನಿಸಿದರೂ ಗರಿ ಗಟ್ಟಿಯಾಗುವುದಿಲ್ಲ, ಎಷ್ಟು ಹಸಿದರೂ ಅದರಲ್ಲಿ ಹೊಸ ಗೆರೆ ಮೂಡುವುದಿಲ್ಲ.

ಗೆರೆ ಮೂಡುವುದು ಬೆಳೆಯುವ ಆ ಕೆಲವು ವಾರಗಳಲ್ಲಿ ಮಾತ್ರ. ಒಂದು ದಿನ ಆಹಾರ ಸಾಲದಿದ್ದರೆ, ಕಾಯಿಲೆ ಬಂದರೆ, ವಿಪರೀತ ಹೆದರಿದರೆ, ಆ ದಿನ ತಯಾರಾದ ತುಣುಕಿಗೆ ಸಾಮಗ್ರಿ ಕಡಿಮೆ ಬೀಳುತ್ತದೆ. ಗರಿ ಕೆರಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದಕ್ಕೆ ಗಂಧಕ ಇರುವ ಅಮೈನೋ ಆಮ್ಲಗಳು ದಿನದಿನವೂ ಬೇಕು, ಕೂಡಿಟ್ಟು ಆಮೇಲೆ ಬಳಸಿಕೊಳ್ಳುವ ಅನುಕೂಲ ಹಕ್ಕಿಗೆ ಹೆಚ್ಚಿಲ್ಲ. ಹೀಗಾಗಿ ಆ ಒಂದು ಜಾಗದಲ್ಲಿ ಎಳೆಗಳು ತೆಳ್ಳಗಾಗಿ, ಬೆಳಕಿಗೆ ಹಿಡಿದರೆ ಕಣ್ಣಿಗೆ ಕಾಣುವ ಅಡ್ಡಗೆರೆ ಉಳಿಯುತ್ತದೆ. ಜೋರು ಜ್ವರ ಬಂದು ಹೋದ ಮೇಲೆ ಕೆಲವರ ಉಗುರಿನಲ್ಲಿ ಅಡ್ಡ ತಗ್ಗು ಕಾಣುತ್ತದಲ್ಲ, ಅದೇ ಬಗೆ. ಉಗುರು ಬೆಳೆಯುತ್ತಾ ಅದನ್ನು ಮುಂದೆ ತಳ್ಳಿ ಹಾಕುತ್ತದೆ. ಬೆಳೆದು ನಿಂತ ಗರಿ ಮಾತ್ರ ಮುಂದಿನ ಬಾರಿ ಉದುರುವ ತನಕ ಅದನ್ನು ಹೊತ್ತುಕೊಂಡೇ ಇರಬೇಕು. ಫಾಲ್ಕನ್ ಸಾಕುವವರು ಇದನ್ನು ಹಸಿವಿನ ಗೆರೆ ಎನ್ನುತ್ತಾರೆ. ಹಸಿವೊಂದೇ ಕಾರಣ ಅಲ್ಲದಿದ್ದರೂ ಆ ಹೆಸರು ನಿಂತುಬಿಟ್ಟಿದೆ. ನಿಮ್ಮ ಸೂಪರ್‌ವೈಸರ್ ಹಸಿವು ಎಂಬ ಮಾತನ್ನು ಹಿಡಿದುಕೊಂಡಿದ್ದಾರೆ, ಆ ಹಸಿವು ಯಾವ ತಿಂಗಳದ್ದು ಎಂದು ನೋಡಿಲ್ಲ.

ಆ ತಿಂಗಳನ್ನು ಗರಿಯಲ್ಲೇ ಓದಬಹುದು. ಒಂದು ಅಳತೆಪಟ್ಟಿ ತೆಗೆದುಕೊಂಡು ಹಗಲು ಬೆಳಕಿನಲ್ಲಿ ಕೂತುಕೊಳ್ಳಿ. ಫಾಲ್ಕನ್‌ಗೆ ಬಾಲದಲ್ಲಿ 12 ಗರಿ. ದೊಡ್ಡ ಹಕ್ಕಿ ಗರಿ ಬದಲಿಸುವಾಗ ಒಂದಾದ ಮೇಲೆ ಒಂದು ಬದಲಿಸುತ್ತದೆ. ಆಗ ಒಂದು ದಿನ ಉಪವಾಸ ಬಿದ್ದರೆ ಒಂದು ಗರಿಯಲ್ಲಿ ಗೆರೆ ತುದಿಗೆ, ಇನ್ನೊಂದರಲ್ಲಿ ನಡುವಿಗೆ, ಮತ್ತೊಂದರಲ್ಲಿ ಇರುವುದೇ ಇಲ್ಲ. ಮರಿಗೆ ಹಾಗಲ್ಲ, ಗೂಡಿನಲ್ಲಿ 12 ಗರಿಯೂ ಹೆಚ್ಚುಕಡಿಮೆ ಒಟ್ಟಿಗೆ ಬೆಳೆಯುತ್ತವೆ. ನಿಮ್ಮ ಫೋಟೊದಲ್ಲಿ ಬಾಲ ಬಿಚ್ಚಿದಾಗ ಗೆರೆಗಳೆಲ್ಲ ಒಂದೇ ಮಟ್ಟದಲ್ಲಿ, ಕಮಾನಿನ ಹಾಗೆ ಈ ಕಡೆಯಿಂದ ಆ ಕಡೆಗೆ ಹೋಗಿವೆ. ಅಂದರೆ ಅದು ಗೂಡಿನ ದಿನಗಳಲ್ಲಿ ಬಂದ ಗೆರೆ. ಇದರಲ್ಲಿ ನನಗೆ ಅನುಮಾನ ಇಲ್ಲ.

ಇನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಶಾಹೀನ್ ಜಾತಿಯ ಮರಿಗಳಿಗೆ ಹುಟ್ಟಿದ ಎರಡು, ಎರಡೂವರೆ ವಾರಕ್ಕೆ ಬಾಲದ ಗರಿ ಚರ್ಮದಿಂದ ಹೊರಗೆ ಇಣುಕುತ್ತದೆ. ಆರು ವಾರದ ಹೊತ್ತಿಗೆ ಮರಿ ಹಾರಲು ತೊಡಗುತ್ತದೆ. ಬಾಲ ಮತ್ತು ರೆಕ್ಕೆಯ ಉದ್ದ ಗರಿಗಳು ಪೂರ್ತಿ ಗಟ್ಟಿಯಾಗಲು ಎಂಟರಿಂದ ಹತ್ತು ವಾರ ಬೇಕು. ನಿಮ್ಮ ಹಕ್ಕಿಯ ಗೆರೆ ತುದಿಯಿಂದ ಮೂರು ಬೆರಳಷ್ಟು ಕೆಳಗಿದೆ ಎಂದರೆ, ಅಂದಾಜಿಗೆ ನಾಲ್ಕು-ಐದನೇ ವಾರದಲ್ಲಿ ಮೂಡಿದ್ದು. ಏಪ್ರಿಲ್ ಕೊನೆಯಲ್ಲಿ ಹುಟ್ಟಿದ ಮರಿಗೆ ಅದು ಮೇ ಕೊನೆ, ಜೂನ್ ಮೊದಲ ದಿನಗಳು. ಆಗ ಅದು ನಿಮ್ಮ ಕೈಯಲ್ಲಿ ಇರಲೇ ಇಲ್ಲ. ಆಗಸ್ಟ್ ಮೊದಲ ವಾರ ನಿಮ್ಮಲ್ಲಿಗೆ ಬಂದಾಗ ಅದಕ್ಕೆ ಹದಿಮೂರು-ಹದಿನಾಲ್ಕು ವಾರ, ಗರಿಗಳೆಲ್ಲ ಬೆಳೆದು ಮುಗಿದಿದ್ದವು. ಇನ್ನೂ ಒಂದು ಗುರುತಿದೆ. ಗರಿಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಮಂಕು-ಹೊಳಪಿನ ಸಣ್ಣ ಸಣ್ಣ ಪಟ್ಟೆಗಳು ಕಾಣುತ್ತವೆ. ಒಂದು ಮಂಕು ಮತ್ತು ಒಂದು ಹೊಳಪು ಸೇರಿದರೆ ಸುಮಾರು ಒಂದು ಹಗಲು-ರಾತ್ರಿಯ ಬೆಳವಣಿಗೆ. 1989ರಲ್ಲಿ ಅಮೆರಿಕದ ಪಕ್ಷಿವಿಜ್ಞಾನಿ ಥಾಮಸ್ ಗ್ರಬ್ ಈ ಪಟ್ಟೆಗಳನ್ನು ಅಳೆದು ಹಕ್ಕಿಯ ಪೋಷಣೆ ಹೇಗಿತ್ತೆಂದು ತಿಳಿಯುವ ವಿಧಾನವನ್ನು ಪ್ರಕಟಿಸಿದರು. ನೀವು ಎಣಿಸಲು ಹೋಗಬೇಕಿಲ್ಲ, ಆಸ್ಪತ್ರೆಯ ವೈದ್ಯರು ನೋಡಿಯೇ ಹೇಳುತ್ತಾರೆ.

ಹಕ್ಕಿ ಬಂದ ದಿನವೇ ಅದನ್ನು ಕೈಮೇಲೆ ಕೂರಿಸಿಕೊಂಡು ಫೋಟೊ ತೆಗೆದು ಮನೆಯವರಿಗೆ ಕಳಿಸಿದ್ದಿರಬಹುದು, ಊರು ಬಿಟ್ಟು ದುಡಿಯುವ ಯಾರಾದರೂ ಅಷ್ಟು ಮಾಡಿಯೇ ಮಾಡುತ್ತಾರೆ. ಆ ಫೋಟೊ ಫೋನಿನಲ್ಲಿದ್ದರೆ ಹುಡುಕಿ, ಇಲ್ಲದಿದ್ದರೆ ಊರಿಂದ ವಾಪಸ್ ಕಳಿಸಲು ಹೇಳಿ. ಬಾಲ ಕಾಣುವಂತಿದ್ದರೆ ಆ ಗೆರೆಯೂ ಅಲ್ಲಿ ಕಾಣಬೇಕು. ತಾರೀಕು ಸಹಿತ ಇರುವ ಒಂದು ಚಿತ್ರ ನಿಮ್ಮ ನೂರು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹಾಗಾದರೆ ಫಾರಂನವರದು ತಪ್ಪೇ? ಅದನ್ನೂ ಅವಸರದಲ್ಲಿ ಹೇಳಬಾರದು. ಕಾಡಿನ ಗೂಡಿನಲ್ಲೂ ಎರಡು ದಿನ ಬಿರುಮಳೆ ಹಿಡಿದು ತಂದೆತಾಯಿ ಬೇಟೆ ತರಲಾಗದಿದ್ದರೆ ಮರಿಯ ಗರಿಯಲ್ಲಿ ಗೆರೆ ಬೀಳುತ್ತದೆ. ಫಾರಂನಲ್ಲಿ ಜೋಡಿಯೊಂದು ಗದ್ದಲಕ್ಕೆ ಬೆದರಿ ಮರಿಗೆ ಉಣಿಸದೆ ಕೂತಿರಬಹುದು, ಮರಿಯನ್ನು ತಂದೆತಾಯಿಯಿಂದ ಬೇರ್ಪಡಿಸಿದ ದಿನ ಇರಬಹುದು, ಸೆಖೆ ಇರಬಹುದು. ಮೂಳೆ, ಈಲಿಯಿಲ್ಲದ ಬರೀ ಮಾಂಸ ಕೊಟ್ಟಿದ್ದರೂ ಗರಿ, ಎಲುಬು ಎರಡೂ ಕೆಡುತ್ತವೆ. ಆದರೆ ಆಗ ಗೆರೆ ಒಂದಲ್ಲ, ಮೇಲಿಂದ ಕೆಳಗಿನ ತನಕ ಹಲವು ಇರುತ್ತವೆ. ನನ್ನ ಗಮನ ಹೋಗುವುದು ಇನ್ನೊಂದು ಕಡೆಗೆ. ಫಾರಂನಲ್ಲಿ ಹುಟ್ಟಿದ ಫಾಲ್ಕನ್ ಮರಿಗಳನ್ನು ನಾಲ್ಕರಿಂದ ಎಂಟು ವಾರದ ನಡುವೆ ಹೆಚ್ಚಾಗಿ ಕಾಡುವ ಒಂದು ಕರುಳಿನ ಪರೋಪಜೀವಿ ಇದೆ, ಹೆಸರು ಕ್ಯಾರಿಯೋಸ್ಪೊರ. ಕಣ್ಣಿಗೆ ಕಾಣದ್ದು. ಮರಿ ಒಂದೆರಡು ದಿನ ಮಂಕಾಗುತ್ತದೆ, ತಿಂದದ್ದನ್ನು ಕಕ್ಕುತ್ತದೆ, ಹಿಕ್ಕೆಯಲ್ಲಿ ರಕ್ತ ಕಾಣಬಹುದು, ಮತ್ತೆ ಚೇತರಿಸಿಕೊಳ್ಳುತ್ತದೆ. ಗೆರೆ ಮಾತ್ರ ಉಳಿಯುತ್ತದೆ. ನಿಮ್ಮ ಹಕ್ಕಿಯ ಗೆರೆಯ ವಯಸ್ಸು ಇದಕ್ಕೆ ಸರಿಯಾಗಿ ಹೊಂದುವುದರಿಂದ, ಆಸ್ಪತ್ರೆಗೆ ಹೋದಾಗ ಹಿಕ್ಕೆಯ ಪರೀಕ್ಷೆಯನ್ನೂ ಮಾಡಿಸಿ. ಈಗಲೂ ಇದ್ದರೆ ಔಷಧಿ ಇದೆ, ನಿಮ್ಮಲ್ಲಿರುವ ಬೇರೆ ಮರಿಗಳಿಗೆ ಹರಡುವುದೂ ತಪ್ಪುತ್ತದೆ.

ಕೆಲವರು ಹೇನು ತಿಂದ ಗರಿಯನ್ನೂ ಹಸಿವಿನ ಗೆರೆ ಎಂದುಕೊಳ್ಳುತ್ತಾರೆ. ಹೇನಿನ ಗುರುತು ನೇರಗೆರೆ ಅಲ್ಲ. ಅಲ್ಲಲ್ಲಿ ತೂತು, ಅಂಚಿನಲ್ಲಿ ಕಚ್ಚಿದ ಹಾಗೆ, ಕಾಂಡಕ್ಕೆ ಅಂಟಿದ ಮೊಟ್ಟೆ. ನಿಮ್ಮ ಫೋಟೊಗಳಲ್ಲಿ ಅದು ಕಾಣಲಿಲ್ಲ.

ಈಗ ಮುರಿದ ಎರಡು ಗರಿಗೆ ಬರೋಣ. ಗೆರೆ ಇದ್ದ ಮಾತ್ರಕ್ಕೆ ಗರಿ ಮುರಿಯುವುದಿಲ್ಲ. ಸಣ್ಣ ಗೆರೆ ಇರುವ ಎಷ್ಟೋ ಹಕ್ಕಿಗಳು ವರ್ಷವಿಡೀ ಹಾರಿ ಗರಿ ಹಾಗೆಯೇ ಉದುರಿಸಿಕೊಳ್ಳುತ್ತವೆ. ಅಲ್ಲಿ ಬಲ ಕಡಿಮೆ ಇರುವುದರಿಂದ, ಬೇರೆ ಹಕ್ಕಿಗೆ ಬಾಗಿ ಸರಿಹೋಗುವ ಒತ್ತಡಕ್ಕೆ ಇದು ಮುರಿಯುತ್ತದೆ. ಆ ಒತ್ತಡ ಎಲ್ಲಿಂದ ಬಂತು ಎಂದು ನೀವು ಹುಡುಕಬೇಕು, ಇದು ಮಾತ್ರ ನಿಮ್ಮ ಕೈಯಲ್ಲಿರುವ ಕೆಲಸ. ಹಕ್ಕಿ ವಕ್ರ್ (ಕೂರುವ ಗೂಟ) ಮೇಲೆ ಕೂತಾಗ ಬಾಲದ ತುದಿ ನೆಲಕ್ಕೋ ಕಾರ್ಪೆಟ್‌ಗೋ ತಾಗುತ್ತದೆಯೇ? ತಾಗಿದರೆ ವಕ್ರ್ ಎತ್ತರ ಸಾಲದು. ಕಾಲಿನ ಬಾರು ಉದ್ದವಾಗಿದ್ದರೆ ಹಕ್ಕಿ ಎಗರಿದಾಗ ದೂರ ಹೋಗಿ ನೆಲಕ್ಕೆ ಬಡಿಯುತ್ತದೆ, ಗಿಡ್ಡ ಮಾಡಿ. ಪಕ್ಕದ ವಕ್ರ್ ಎಷ್ಟು ದೂರ ಇದೆ ನೋಡಿ. ತಂತಿಬಲೆಯ ಗೂಡಿನಲ್ಲಿ ಒಂದು ರಾತ್ರಿಯೂ ಬಿಡಬೇಡಿ. ತಿನ್ನುವಾಗಲೂ ಗಮನ ಬೇಕು. ನೆಲದ ಮೇಲೆ ಬೇಟೆ ಹಿಡಿದುಕೊಂಡ ಮರಿ ಎರಡೂ ರೆಕ್ಕೆ ಹರಡಿ, ಬಾಲವನ್ನು ಬೀಸಣಿಗೆ ಮಾಡಿ ನೆಲಕ್ಕೆ ಊರಿ ಅದನ್ನು ಮುಚ್ಚಿಕೊಳ್ಳುತ್ತದೆ. ಯಾರಾದರೂ ಎದುರಿನಿಂದ ಗಡಿಬಿಡಿಯಲ್ಲಿ ಬಂದರೆ ಇನ್ನೂ ಬಲವಾಗಿ ಊರುತ್ತದೆ. ದುರ್ಬಲ ಗರಿ ಹೆಚ್ಚಾಗಿ ಮುರಿಯುವುದು ಅಂಥ ಹೊತ್ತಿನಲ್ಲೇ. ಬಗ್ಗಿ, ನಿಧಾನಕ್ಕೆ, ಪಕ್ಕದಿಂದ ಹೋಗಿ ಕೈಮೇಲೆ ಹತ್ತಿಸಿಕೊಳ್ಳಿ.

ತೂಕದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗೆರೆ ನಿಮ್ಮ ಆಹಾರ ಕಡಿತದಿಂದ ಬಂದದ್ದಲ್ಲ, ನಿಜ. ಆದರೆ ಅತಿಯಾಗಿ ತೂಕ ಇಳಿದ ಮರಿ ಹಸಿವಿಗೆ ಕಿರುಚುತ್ತದೆ, ಕ್ಷಣಕ್ಷಣಕ್ಕೂ ಎಗರುತ್ತದೆ, ಹೀಗೆ ಎಗರಿದಷ್ಟೂ ಗರಿ ಮುರಿಯುತ್ತದೆ. ಎದೆಮೂಳೆಯ ಎರಡೂ ಕಡೆ ಬೆರಳಿಟ್ಟು ನೋಡಿ. ಮಾಂಸ ತುಂಬಿ ದುಂಡಗಿದ್ದರೆ ಸರಿ, ಮೂಳೆ ಕತ್ತಿಯಂತೆ ಕೈಗೆ ಸಿಕ್ಕರೆ ತರಬೇತಿ ನಿಲ್ಲಿಸಿ ತೂಕ ಏರಿಸಿ. ಹಿಕ್ಕೆ ಕಡು ಹಸಿರಾದರೂ ಅದೇ ಎಚ್ಚರಿಕೆ. ಅರ್ಬಾಬ್‌ಗೆ ಚಳಿಗಾಲದಲ್ಲಿ ನಡೆಯುವ ಫಾಲ್ಕನ್‌ಗಳ 400 ಮೀಟರ್ ಓಟದ ಸ್ಪರ್ಧೆಗೆ ಹಕ್ಕಿ ತಯಾರಾಗಲಿ ಎಂಬ ಅವಸರ ಇರಬಹುದು. ಮೊದಲ ವರ್ಷದ ಮರಿಗಳಿಗೆ ಫರ್ಖ್ ಎಂದು ಬೇರೆ ವಿಭಾಗವನ್ನೇ ಇಟ್ಟಿರುವುದರಿಂದ ಈ ವರ್ಷ ತಪ್ಪಿದರೆ ಆ ಅವಕಾಶ ಮತ್ತೆ ಬಾರದು ಎಂದೂ ಅವರಿಗೆ ಅನ್ನಿಸುತ್ತಿರಬಹುದು. ಅರ್ಥವಾಗುವ ಆಸೆಯೇ. ಆದರೂ ಬಾಲ ಮುರಿದ ಹಕ್ಕಿ ತಿರುಗುವುದಕ್ಕೂ ತಡೆದು ನಿಲ್ಲುವುದಕ್ಕೂ ಒದ್ದಾಡುತ್ತದೆ, ಆ ಓಟದಲ್ಲಿ ಅದರಿಂದ ಏನೂ ಸಿಗದು.

ಮುರಿದ ಗರಿಗೆ ಉಪಾಯ ಇದೆ, ಗರಿ ಕಸಿ. ಉದುರಿದ ಹಳೆಯ ಗರಿಯೊಂದನ್ನು ತೆಗೆದುಕೊಂಡು, ಮುರಿದ ಗರಿಯ ಕಾಂಡವನ್ನು ಸರಿಯಾಗಿ ಕತ್ತರಿಸಿ, ಎರಡರ ಒಳಗೂ ಬಿದಿರು ಅಥವಾ ಕಾರ್ಬನ್ ಫೈಬರಿನ ಸಣ್ಣ ಕಡ್ಡಿ ಕೂರಿಸಿ ಅಂಟಿಸುತ್ತಾರೆ. ಬೆಳೆದ ಗರಿಯ ಕಾಂಡದಲ್ಲಿ ಜೀವ ಇಲ್ಲ, ನೋವಾಗುವುದಿಲ್ಲ. ಹಕ್ಕಿ ಗಾಬರಿಯಾಗದಿರಲೆಂದು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಮಾಡುತ್ತಾರೆ, ಅದೇ ದಿನ ಮನೆಗೆ ತರಬಹುದು. ವಿದ್ಯೆ ಹಳೆಯದು. 13ನೇ ಶತಮಾನದಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್ ಫಾಲ್ಕನ್ ಬೇಟೆಯ ಮೇಲೆ ಬರೆದ ದೊಡ್ಡ ಗ್ರಂಥದಲ್ಲಿ ಇದರ ವಿವರ ಇದೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನೂ ಅದಕ್ಕೆ ನೂರು ವರ್ಷ ಮೊದಲೇ ‘ಮಾನಸೋಲ್ಲಾಸ’ದಲ್ಲಿ ಗಿಡುಗಗಳ ಬೇಟೆಗೆ ‘ಶ್ಯೇನವಿನೋದ’ ಎಂಬ ಭಾಗವನ್ನೇ ಮೀಸಲಿಟ್ಟ. ನೀವು ಮಾಡುತ್ತಿರುವ ಕೆಲಸ ನಮ್ಮವರಿಗೆ ಹೊಸತಲ್ಲ.

ಕಸಿಯನ್ನು ಮುಂದೂಡಬೇಡಿ, ಅದಕ್ಕೆ ಕಾರಣ ಇದೆ. ಬಾಲದ ಗರಿಗಳು ಒಂದರ ಮೇಲೊಂದು ಒರಗಿ ನಿಂತಿರುತ್ತವೆ. ಎರಡು ಹೋದರೆ ಪಕ್ಕದವುಗಳಿಗೆ ಆಸರೆ ತಪ್ಪುತ್ತದೆ, ಅವುಗಳಲ್ಲೂ ಅದೇ ಜಾಗದಲ್ಲಿ ಅದೇ ದೌರ್ಬಲ್ಯ ಇದೆ, ಚಳಿಗಾಲ ಮುಗಿಯುವಷ್ಟರಲ್ಲಿ ಅರ್ಧ ಬಾಲ ಹೋಗಬಹುದು. ಆಗ ಬೇಸಿಗೆಯಲ್ಲಿ ಬರುವ ಹೊಸ ಗರಿಗೂ ಕಷ್ಟ. ಎರಡೂ ಕಡೆ ಗಟ್ಟಿ ಗರಿ ಇಲ್ಲದೆ ರಕ್ತ ತುಂಬಿದ ಎಳೆ ಗರಿ ಒಂಟಿಯಾಗಿ ಚಾಚಿಕೊಂಡಿದ್ದರೆ ತಾಗಿದ ಕೂಡಲೇ ಮುರಿದು ರಕ್ತ ಸುರಿಯುತ್ತದೆ. ಕಸಿಗೆ ಬಳಸುವ ಗರಿ ಅದೇ ಬಗೆಯ, ಅದೇ ಗಾತ್ರದ ಹೆಣ್ಣು ಹಕ್ಕಿಯದೇ ಆಗಿರಲಿ, ಅದೇ ಸ್ಥಾನದ, ಅದೇ ಬದಿಯ ಗರಿ. ಅಬುಧಾಬಿಯ ಫಾಲ್ಕನ್ ಆಸ್ಪತ್ರೆ 1999ರಿಂದ ನಡೆಯುತ್ತಿದೆ, ಅಲ್ ಐನ್‌ನಿಂದ ಒಂದೂವರೆ-ಎರಡು ಗಂಟೆ ದಾರಿ. ಅಂಥ ದೊಡ್ಡ ಆಸ್ಪತ್ರೆಗೇ ಕರೆದೊಯ್ಯಲು ಕೇಳಿಕೊಳ್ಳಿ. ಹೋಗುವಾಗ ಬಾಲಕ್ಕೆ ಗಟ್ಟಿ ಕಾಗದದ ಕವಚ ಹಾಕಿ. ಮುರಿಯದ, ಬರೀ ಬಾಗಿದ ಗರಿ ಇದ್ದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ನೆಟ್ಟಗಾಗುತ್ತದೆ. ಆದರೆ ಗೆರೆ ಇರುವ ಗರಿಯಲ್ಲಿ ನೀವು ಅದನ್ನು ಪ್ರಯತ್ನಿಸಬೇಡಿ, ವೈದ್ಯರೇ ಮಾಡಲಿ. ಮುರಿದ ಗರಿಯ ಬುಡವನ್ನು ಕಿತ್ತರೆ ಹೊಸದು ಬರುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಲೇಬೇಡಿ. ಗುಳಿ ಹಾಳಾದರೆ ಆ ಜಾಗದಲ್ಲಿ ಜೀವಮಾನವಿಡೀ ಸೊಟ್ಟ ಗರಿಯೇ ಬರಬಹುದು, ಬಾರದೆಯೂ ಇರಬಹುದು.

ನಿಜವಾಗಿ ಸರಿಹೋಗುವುದು ಬರುವ ಬೇಸಿಗೆಯಲ್ಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಹಕ್ಕಿ ಗರಿ ಬದಲಿಸುವಾಗ ಅದಕ್ಕೆ ಹೊಟ್ಟೆತುಂಬ, ಬಗೆಬಗೆಯ, ಮೂಳೆ ಸಹಿತ ಇಡಿಯ ಆಹಾರ ಕೊಡಿ. ಕ್ವೇಲ್ ಒಳ್ಳೆಯದು. ಪಾರಿವಾಳದಿಂದ ಗಂಟಲ ರೋಗ ಬರುತ್ತದೆ, ಆದಷ್ಟು ದೂರ ಇಡಿ. ಜಾಗ ಬದಲಿಸಬೇಡಿ, ಪದೇ ಪದೇ ಹಿಡಿಯಬೇಡಿ, ಸ್ನಾನಕ್ಕೆ ಅಗಲ ತಟ್ಟೆಯಲ್ಲಿ ನೀರಿಡಿ. ಏಸಿ ಕೋಣೆಯ ಒಣ ಗಾಳಿಯಲ್ಲಿ ಗರಿ ಬೇಗ ಪೆಡಸಾಗುತ್ತದೆ, ಹಾಗಾಗಿ ಸ್ನಾನದ ನೀರು ಈಗಿನಿಂದಲೇ ಬೇಕು. ಗರಿ ಬೆಳೆಯುವ ತಿಂಗಳುಗಳಲ್ಲಿ ವೈದ್ಯರನ್ನು ಕೇಳದೆ ಜಂತಿನ ಔಷಧಿ ಹಾಕಬೇಡಿ. ಫೆನ್‌ಬೆಂಡಜೋಲ್ ಎಂಬ ಔಷಧಿ ಬೆಳೆಯುವ ಗರಿಯನ್ನು ವಿಕಾರ ಮಾಡುತ್ತದೆ. ನಿಮ್ಮಲ್ಲಿರುವ ಹಕ್ಕಿಗಳಿಂದ ಉದುರಿದ ಗರಿಗಳಲ್ಲಿ ಗೆರೆಯಿಲ್ಲದ ಒಳ್ಳೆಯವನ್ನೆಲ್ಲ ಆರಿಸಿ, ಯಾವ ಕಡೆಯ ಎಷ್ಟನೇ ಗರಿ ಎಂದು ಬರೆದು ಡಬ್ಬಿಯಲ್ಲಿಡಿ. ಬೇರೊಂದು ಹಕ್ಕಿಗೆ ಅದೇ ಬಾಲವಾಗುತ್ತದೆ.

ಅರ್ಬಾಬ್ ಹತ್ತಿರ ಮಾತಾಡುವ ಬಗೆ. ಸೂಪರ್‌ವೈಸರ್ ಸುಳ್ಳು ಹೇಳಿದರು ಎಂದು ಶುರು ಮಾಡಬೇಡಿ. ಅವರಿಗೂ ಈ ವಿಷಯ ಗೊತ್ತಿಲ್ಲದಿರಬಹುದು, ನಾಲ್ಕು ಜನರ ಎದುರು ಅವರ ಮುಖ ಕೆಡಿಸಿದರೆ ನಿಮಗೇ ತೊಂದರೆ. ಮುರಿದ ಗರಿ, ಪಾಸ್‌ಪೋರ್ಟ್, ಬಂದ ದಿನದ ಫೋಟೊ ಮೂರನ್ನೂ ಇಟ್ಟುಕೊಂಡು, ಹಕ್ಕಿಯನ್ನು ಆಸ್ಪತ್ರೆಗೆ ತೋರಿಸೋಣ, ಗೆರೆ ಯಾವಾಗಿನದೆಂದು ವೈದ್ಯರು ಬರೆದುಕೊಡಲಿ ಎಂದು ಕೇಳಿ. ಫಾಲ್ಕನ್ ಸಾಕುವ ಅರಬರು ಹಕ್ಕಿಯನ್ನು ಬಲ್ಲವರು, ವೈದ್ಯರ ಮಾತಿಗೆ ಬೆಲೆ ಕೊಡುತ್ತಾರೆ. ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ಬೆಳಗಿನ ತೂಕ, ಕೊಟ್ಟ ಆಹಾರ, ಹಿಕ್ಕೆ ಹೇಗಿತ್ತು, ಯಾರು ಏನು ಮಾಡಲು ಹೇಳಿದರು, ಎಲ್ಲವೂ ತಾರೀಕಿನ ಸಮೇತ.

ಇಷ್ಟಾದ ಮೇಲೂ ಸಂಬಳದಿಂದ ಹಣ ಹಿಡಿದರೆ ಸುಮ್ಮನಿರಬೇಕಾಗಿಲ್ಲ. ಯುಎಇಯಲ್ಲಿ ಮನೆಕೆಲಸದವರಿಗೆ 2022ರ ಕಾನೂನು ಇದೆ, ಫಾಲ್ಕನ್ ನೋಡಿಕೊಳ್ಳುವವರನ್ನೂ ಮನೆಕೆಲಸದ ಹುದ್ದೆಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಮೊದಲು ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು ಕೊಡಬಹುದು, ಅಬುಧಾಬಿಯ ಭಾರತೀಯ ರಾಯಭಾರ ಕಚೇರಿಯಲ್ಲೂ ಸಹಾಯ ಕೇಳಬಹುದು. ಆ ಹಂತಕ್ಕೆ ಹೋಗದೆಯೇ ಮುಗಿಯುತ್ತದೆ ಎಂಬ ಭರವಸೆ ನನಗಿದೆ.

ಈ ಅಂಕಣವನ್ನು ಊರಿನಲ್ಲಿ ಓದುವವರಿಗೂ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದ್ದು, ಗಿಡುಗ, ಡೇಗೆ ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ. ಗೂಡಿನಿಂದ ಬಿದ್ದ ಹದ್ದಿನ ಮರಿಯನ್ನು ಕನಿಕರದಿಂದ ಎತ್ತಿಕೊಂಡು ಹೋಗಿ ಹಾಲು, ಅನ್ನ, ಬ್ರೆಡ್ಡು ತಿನ್ನಿಸುವವರು ಇದ್ದಾರೆ. ಮರಿ ಬದುಕಿದರೂ ಅದರ ರೆಕ್ಕೆಯ ತುಂಬ ಇದೇ ಗೆರೆ ಬೀಳುತ್ತದೆ, ಹಾರಲು ಹೊರಟ ದಿನ ಗರಿಗಳು ಪಟಪಟನೆ ಮುರಿಯುತ್ತವೆ. ಕೂಡಲೇ ಅರಣ್ಯ ಇಲಾಖೆಗೋ ಹತ್ತಿರದ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೋ ತಲುಪಿಸಿ.

ನಿಮ್ಮ ಎರಡು ಪ್ರಶ್ನೆಗೆ ನನ್ನ ಉತ್ತರ ಇದು: ಆ ಗೆರೆ ನಿಮ್ಮ ತಪ್ಪಲ್ಲ. ಈಗಿರುವ ಗರಿ ಸರಿಹೋಗುವುದಿಲ್ಲ, ಮುಂದಿನ ವರ್ಷದ ಗರಿ ಒಳ್ಳೆಯದು ಬರುತ್ತದೆ. ನಾಳೆ ಬೆಳಿಗ್ಗೆ ವಕ್ರ್ ಎತ್ತರ ನೋಡಿ, ಹಕ್ಕಿಯ ಎದೆಮೂಳೆ ಮುಟ್ಟಿ ನೋಡಿ, ಆಸ್ಪತ್ರೆಗೆ ಹೋಗುವ ದಿನ ಗೊತ್ತುಮಾಡಿಕೊಳ್ಳಿ. ವೈದ್ಯರು ಬರೆದುಕೊಟ್ಟದ್ದರ ಪ್ರತಿಯನ್ನು ನನಗೂ ಕಳಿಸಿ, ಅರ್ಬಾಬ್‌ಗೆ ಏನು ಹೇಳಬೇಕೆಂಬುದರಲ್ಲಿ ಇನ್ನೂ ಗೊಂದಲ ಇದ್ದರೆ ಮತ್ತೆ ಬರೆಯಿರಿ.